ಗೋಡೆ ಇನ್ನೂ ನಿಂತಿರುವ ಊರಿನಲ್ಲಿ ಹೆಚ್ಚುವರಿ ಕೋಣೆಯ ಲೆಕ್ಕ: ಉತ್ತರ ಐರ್ಲೆಂಡಿನ ಭತ್ಯೆ ಸುಧಾರಣೆ ಕುರಿತು ಚರ್ಚೆ

ನಿತ್ಯ ಓದುಗ

ಉತ್ತರ ಐರ್ಲೆಂಡಿನ ಬಗ್ಗೆ ಕೆಲವು ತಿಂಗಳಿಂದ ಓದುತ್ತಿದ್ದೇನೆ. 1960ರ ದಶಕದ ಕೊನೆಯಿಂದ 1998ರವರೆಗೆ ಬ್ರಿಟನ್ನಿನ ಆಳ್ವಿಕೆಯಲ್ಲಿರುವ ಆ ನಾಡಿನಲ್ಲಿ, ಐರ್ಲೆಂಡಿಗೆ ಸೇರಬಯಸಿದ ಕ್ಯಾಥೊಲಿಕರು ಮತ್ತು ಬ್ರಿಟನ್ನಿನಲ್ಲೇ ಉಳಿಯಬಯಸಿದ ಪ್ರೊಟೆಸ್ಟೆಂಟರ ಬಿಕ್ಕಟ್ಟಿನಿಂದ ನಡೆದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಆಗಿನ ಜನಸಂಖ್ಯೆ 15 ಲಕ್ಷದ ಆಸುಪಾಸು. 1998ರ ಏಪ್ರಿಲ್ 10ರಂದು ಗುಡ್ ಫ್ರೈಡೆ ಎಂಬ ಶಾಂತಿ ಒಪ್ಪಂದವಾಯಿತು. ಮೇ ತಿಂಗಳ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ 71ರಷ್ಟು ಜನ ಅದನ್ನು ಒಪ್ಪಿದರು. ನಮ್ಮಲ್ಲಿ ಹೆಚ್ಚಿನವರು ಈ ಕಥೆಯನ್ನು ಇಲ್ಲಿಯವರೆಗೆ ಓದಿ ಪುಸ್ತಕ ಮುಚ್ಚುತ್ತೇವೆ. ನಾನು ಚರ್ಚಿಸಬೇಕೆಂದಿರುವುದು ಅದರ ಮುಂದಿನ ಪುಟಗಳನ್ನು.

2012ರಲ್ಲಿ ಬ್ರಿಟನ್ನಿನ ಸರ್ಕಾರ ಕಲ್ಯಾಣ ಭತ್ಯೆಗಳ ವ್ಯವಸ್ಥೆಯನ್ನು ಬುಡಮೇಲು ಮಾಡುವ ಕಾಯ್ದೆ ತಂದಿತು. ಅದರ ಒಂದು ಅಂಶವನ್ನು ಜನ 'ಬೆಡ್‌ರೂಮ್ ಟ್ಯಾಕ್ಸ್' ಎಂದು ಕರೆದರು. ಸಾರ್ವಜನಿಕ ವಸತಿಯಲ್ಲಿರುವ ಬಾಡಿಗೆದಾರರ ಮನೆಯಲ್ಲಿ ಅಗತ್ಯಕ್ಕಿಂತ ಒಂದು ಮಲಗುವ ಕೋಣೆ ಹೆಚ್ಚಿದ್ದರೆ ಬಾಡಿಗೆ ಭತ್ಯೆಯಲ್ಲಿ ಶೇ 14 ಕಡಿತ, ಎರಡು ಅಥವಾ ಹೆಚ್ಚಿದ್ದರೆ ಶೇ 25 ಕಡಿತ. ಕಡಿತ ಬೇಡವೆಂದರೆ ಚಿಕ್ಕ ಮನೆಗೆ ಹೋಗಬೇಕು. ಕಾಗದದ ಮೇಲೆ ಇದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ.

ಆದರೆ ಉತ್ತರ ಐರ್ಲೆಂಡಿನ ಸಾರ್ವಜನಿಕ ವಸತಿ ಬಡಾವಣೆಗಳಲ್ಲಿ ಬಹುಪಾಲು, ಸುಮಾರು ಶೇ 90ರಷ್ಟು, ಒಂದೋ ಕ್ಯಾಥೊಲಿಕರವು ಇಲ್ಲವೇ ಪ್ರೊಟೆಸ್ಟೆಂಟರವು. ಎರಡೂ ಸಮುದಾಯದ ಬೀದಿಗಳನ್ನು ಬೇರ್ಪಡಿಸಲು 1969ರಲ್ಲಿ ಎದ್ದ ಮೊದಲ 'ಶಾಂತಿ ಗೋಡೆ'ಗಳು ತಾತ್ಕಾಲಿಕ ಎಂದುಕೊಂಡು ಕಟ್ಟಿದಂಥವು. 2023ರೊಳಗೆ ಎಲ್ಲವನ್ನೂ ತೆಗೆಯುತ್ತೇವೆಂದು ಅಲ್ಲಿನ ಸರ್ಕಾರ 2013ರಲ್ಲಿ ಗುರಿ ಇಟ್ಟುಕೊಂಡಿತು. ಆ ಗುರಿ ಈಡೇರಲಿಲ್ಲ. ಹೀಗಿರುವಾಗ 'ಚಿಕ್ಕ ಮನೆಗೆ ಹೋಗಿ' ಎಂದರೆ ಎಲ್ಲಿಗೆ? ಖಾಲಿಯಿರುವ ಮನೆ ಗೋಡೆಯ ಆಚೆಗಿದ್ದರೆ ಅದು ಮನೆಯೇ?

ಯುದ್ಧದಂತಹ ಹಿಂಸೆಯಿಂದ ಹೊರಬರುತ್ತಿರುವ ಸಮಾಜದಲ್ಲಿ ಬಡವರ ಭತ್ಯೆಯನ್ನು ಶಾಂತಿಯ ಭಾಗವೆಂದೇ ಕಾಣಬೇಕು, ಅದು ಬರೀ ಖರ್ಚಿನ ಬಾಬತ್ತಲ್ಲ ಎಂಬುದು ನನ್ನ ನಿಲುವು. ಒಪ್ಪದವರು ದಯವಿಟ್ಟು ಬರೆಯಿರಿ.

ಹಳೆಯ ಲೆಕ್ಕಿಗ

ನಾನು ಒಪ್ಪುವುದಿಲ್ಲ, ಅಥವಾ ಪೂರ್ತಿ ಒಪ್ಪುವುದಿಲ್ಲ. ಲೆಕ್ಕಪತ್ರಗಳ ನಡುವೆ ಬದುಕು ಸವೆಸಿದವನು ನಾನು. ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಕೇಳದೆ ಯಾವ ಭತ್ಯೆಯ ಬಗ್ಗೆಯೂ ಮಾತನಾಡಲಾರೆ.

ಉತ್ತರ ಐರ್ಲೆಂಡಿನಲ್ಲಿ ಸಾಮಾಜಿಕ ಭದ್ರತೆ ಸ್ಥಳೀಯ ಶಾಸನಸಭೆಯ, ಅಂದರೆ ಸ್ಟಾರ್ಮಾಂಟಿನ, ಅಧಿಕಾರದೊಳಗಿನ ವಿಷಯ. ಹಣ ಮಾತ್ರ ಲಂಡನ್ನಿನ ಖಜಾನೆಯದು. ಇದರ ಹಿಂದೆ ಪ್ಯಾರಿಟಿ ಎಂಬ ಹಳೆಯ ಕಟ್ಟುಪಾಡಿದೆ: ತೆರಿಗೆ ಒಂದೇ, ಆದ್ದರಿಂದ ಭತ್ಯೆಯೂ ಒಂದೇ. 1998ರ ಉತ್ತರ ಐರ್ಲೆಂಡ್ ಕಾಯ್ದೆಯ 87ನೇ ಸೆಕ್ಷನ್ನಿನಲ್ಲೂ ಎರಡೂ ಕಡೆಯ ಸಚಿವರು ಏಕರೂಪದ ವ್ಯವಸ್ಥೆಗಾಗಿ ಸಮಾಲೋಚಿಸಬೇಕೆಂದಿದೆ. ಈ ಕಟ್ಟುಪಾಡಿನಿಂದ ಬಡ ಪ್ರದೇಶಕ್ಕೆ ಲಾಭವಾಗಿದೆಯೇ ಹೊರತು ನಷ್ಟವಾಗಿಲ್ಲ. ರಾಜಧಾನಿ ಬೆಲ್‌ಫಾಸ್ಟಿನ ನಿರುದ್ಯೋಗಿಗೆ ಸಿಗುವುದು ಅಲ್ಲಿನ ತೆರಿಗೆ ಆದಾಯಕ್ಕೆ ತಕ್ಕಷ್ಟಲ್ಲ, ಇಡೀ ಬ್ರಿಟನ್ನಿನ ಮಟ್ಟದ ಭತ್ಯೆ.

ಈಗ ಭಿನ್ನವಾಗಬೇಕೆಂದರೆ ಬೆಲೆ ತೆರಬೇಕು. ಸ್ಟಾರ್ಮಾಂಟ್ ಸುಧಾರಣೆಯನ್ನು ತಡೆಹಿಡಿದು ಕುಳಿತಾಗ ಲಂಡನ್ ಅದರ ಅನುದಾನದಲ್ಲಿ 2014–15ಕ್ಕೆ 8.7 ಕೋಟಿ ಪೌಂಡ್, 2015–16ಕ್ಕೆ 11.4 ಕೋಟಿ ಪೌಂಡ್ ಕಡಿತಗೊಳಿಸಿತು. ಆ ಹಣ ಅಲ್ಲಿನ ಶಾಲೆ ಮತ್ತು ಆಸ್ಪತ್ರೆಗಳದ್ದು. ಬಡವರಿಗಾಗಿ ನಡೆದ ಹೋರಾಟದ ದಂಡವನ್ನೂ ಬಡವರೇ ಕಟ್ಟಿದರು. ಓದುಗರೇ, ಇದಕ್ಕೆ ನಿಮ್ಮ ಉತ್ತರವೇನು?

ನಿತ್ಯ ಓದುಗ

ಲೆಕ್ಕಿಗರೇ, ದಂಡದ ಅಂಕಿಗಳು ಸರಿ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಿ. ಶೆಫೀಲ್ಡ್ ಹ್ಯಾಲಂ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಅಂದಾಜಿಸಿದಂತೆ, ಈ ಸುಧಾರಣೆಗಳೆಲ್ಲ ಜಾರಿಯಾದರೆ ಉತ್ತರ ಐರ್ಲೆಂಡಿನ ಆರ್ಥಿಕತೆಯಿಂದ ವರ್ಷಕ್ಕೆ 75 ಕೋಟಿ ಪೌಂಡ್ ಕೈತಪ್ಪುತ್ತಿತ್ತು. ದುಡಿಯುವ ವಯಸ್ಸಿನ ಪ್ರತಿಯೊಬ್ಬರಿಗೆ ಹಂಚಿದರೆ 650 ಪೌಂಡ್. ಬ್ರಿಟನ್ನಿನ ಬೇರೆ ಭಾಗಗಳಿಗಿಂತ ಪೆಟ್ಟು ಇಲ್ಲಿ ಜಾಸ್ತಿ. ಕಾರಣ, ಅನಾರೋಗ್ಯ ಮತ್ತು ಅಂಗವೈಕಲ್ಯದ ಭತ್ಯೆ ಪಡೆಯುವವರು ಇಲ್ಲಿ ಹೆಚ್ಚು. ಅಂಗವೈಕಲ್ಯ ಜೀವನ ಭತ್ಯೆಯನ್ನು (ಅಲ್ಲಿ ಡಿಎಲ್‌ಎ ಎನ್ನುತ್ತಾರೆ) ಹತ್ತರಲ್ಲಿ ಒಬ್ಬರು ಪಡೆಯುತ್ತಿದ್ದರು. ಏಕೆ ಹೆಚ್ಚು ಎಂದು ಕೇಳದೆ ಎಲ್ಲರಿಗೂ ಒಂದೇ ಅಳತೆಗೋಲು ಹಿಡಿದರೆ ಅದನ್ನು ಸಮಾನತೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಬೆಲ್‌ಫಾಸ್ಟಿನ ದಾದಿ

ಈ ಚರ್ಚೆಯನ್ನು ಎರಡು ದಿನದಿಂದ ಓದುತ್ತಿದ್ದೆ. ನಾನು ಇಲ್ಲೇ ಇರುವವಳು. ಮನೆಮನೆಗೆ ಹೋಗಿ ಆರೈಕೆ ಮಾಡುವ ದಾದಿಯರ ತಂಡದಲ್ಲಿದ್ದೇನೆ. 'ಏಕೆ ಹೆಚ್ಚು' ಎಂದು ಓದುಗರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ನಾನು ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು ಹೋಗುವ ಒಂದು ಮನೆಯಲ್ಲಿ ಅರವತ್ತು ದಾಟಿದವರೊಬ್ಬರಿದ್ದಾರೆ. ಅವರ ಕುರ್ಚಿ ಯಾವಾಗಲೂ ಬಾಗಿಲಿಗೆ ಎದುರಾಗಿಯೇ ಇರುತ್ತದೆ. ಮೊದಲ ದಿನ ಬೆಳಕು ಬೇಕಾಗಿ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸೋಣವೇ ಎಂದು ಕೇಳಿದೆ. ಬೇಡ ಎಂದರು, ಕಾರಣ ಹೇಳಲಿಲ್ಲ. ಹದಿಹರೆಯದಲ್ಲಿ ಅವರು ಏನು ನೋಡಿದರೋ ಗೊತ್ತಿಲ್ಲ. ವೈದ್ಯರ ಕಡತದಲ್ಲಿ 'ನಿದ್ರಾಹೀನತೆ' ಎಂಬ ಒಂದೇ ಪದವಿದೆ. ಈ ಊರಿನ ಆ ತಲೆಮಾರು ಮಾತನಾಡುವುದಿಲ್ಲ. ಮಾತನಾಡಿದವರಿಗೆ ಅಪಾಯವಿದ್ದ ಕಾಲದಲ್ಲಿ ಬೆಳೆದವರು ಅವರು.

ಇಲ್ಲಿನ ಅಲ್ಸ್ಟರ್ ವಿಶ್ವವಿದ್ಯಾಲಯದವರು ಮಾಡಿದ ಸಮೀಕ್ಷೆಯಲ್ಲಿ ಶೇ 39ರಷ್ಟು ಜನ ಸಂಘರ್ಷಕ್ಕೆ ಸಂಬಂಧಿಸಿದ ಆಘಾತಕರ ಘಟನೆಯನ್ನು ಕಂಡವರೋ ಅನುಭವಿಸಿದವರೋ ಆಗಿದ್ದರು. ಆಘಾತದ ನಂತರದ ಒತ್ತಡದ ಕಾಯಿಲೆ ಜೀವಮಾನದಲ್ಲಿ ಒಮ್ಮೆಯಾದರೂ ಕಾಡಿದವರ ಪ್ರಮಾಣ ಶೇ 8.8. ಅದೇ ವಿಧಾನದಲ್ಲಿ ಸಮೀಕ್ಷೆ ನಡೆದ ದೇಶಗಳಲ್ಲೆಲ್ಲ ಅತಿ ಹೆಚ್ಚು.

2016ರಲ್ಲಿ ಡಿಎಲ್‌ಎ ಜಾಗಕ್ಕೆ ಪಿಪ್ ಎಂಬ ಹೊಸ ಭತ್ಯೆ ಬಂತು. ಹಳೆಯದು ಕೆಲವರಿಗೆ ಕಾಲಮಿತಿಯಿಲ್ಲದೆ ಸಿಕ್ಕಿತ್ತು. ಹೊಸದಕ್ಕೆ ದುಡಿಯುವ ವಯಸ್ಸಿನವರೆಲ್ಲ ಮತ್ತೆ ಅರ್ಜಿ ಹಾಕಿ, ಪ್ರಶ್ನೆಗಳಿಗೆ ಉತ್ತರಿಸಿ, ಅಂಕ ಗಳಿಸಬೇಕು. 8 ಅಂಕಕ್ಕೆ ಸಾಮಾನ್ಯ ದರ, 12ಕ್ಕೆ ಹೆಚ್ಚಿನ ದರ. ಸರಳ ಊಟ ಮಾಡಿಕೊಳ್ಳಬಲ್ಲಿರಾ? ಸ್ನಾನ ಮಾಡಬಲ್ಲಿರಾ? 20 ಮೀಟರ್ ನಡೆಯಬಲ್ಲಿರಾ? ನಾನು ಹೇಳಿದ ಆ ಮನುಷ್ಯರು ಎಲ್ಲದಕ್ಕೂ 'ಹೌದು' ಎಂದರು. ಸುಳ್ಳು ಹೇಳುವವರಲ್ಲ ಅವರು, ಅಂಗಲಾಚುವವರೂ ಅಲ್ಲ. ಜನರ ಜೊತೆ ಬೆರೆಯಲು ಕಷ್ಟವಾಗುತ್ತದೆಯೇ ಎಂದು ಕೇಳಿದ್ದಕ್ಕೆ 'ನಾನು ನನ್ನ ಪಾಡಿಗೆ ಇರುತ್ತೇನೆ' ಎಂದರಂತೆ. ಅದಕ್ಕೆ ಸೊನ್ನೆ ಬಿತ್ತು. ಭತ್ಯೆ ನಿಂತಿತು. ಮರುದಿನ ನಾನು ಹೋದಾಗ ಮನೆಯಲ್ಲಿ ಹೀಟರ್ ಆರಿಸಿ ಕೋಟು ಹೊದ್ದು ಕುಳಿತಿದ್ದರು.

ಇದು ಒಬ್ಬರ ಕಥೆಯಲ್ಲ. 2021ರಲ್ಲಿ ಇಲ್ಲಿನ ಸಾರ್ವಜನಿಕ ಸೇವೆಗಳ ಒಂಬುಡ್ಸ್‌ಮನ್ (ಜನರ ದೂರು ವಿಚಾರಿಸುವ ಅಧಿಕಾರಿ) ತನಿಖೆ ಮಾಡಿ, ಅರ್ಜಿದಾರರ ವೈದ್ಯರಿಂದಲೋ ದಾದಿಯರಿಂದಲೋ ಹೆಚ್ಚಿನ ಪುರಾವೆ ತರಿಸಿಕೊಳ್ಳುವ ವಿಷಯದಲ್ಲಿ ವ್ಯವಸ್ಥೆಯುದ್ದಕ್ಕೂ ದುರಾಡಳಿತ ನಡೆದಿದೆ ಎಂದು ಹೇಳಿದರು. ಅವರ ಕಾಲಿಗೆ ವಾರಕ್ಕೆ ಎರಡು ಬಾರಿ ಪಟ್ಟಿ ಕಟ್ಟುವ ನನ್ನನ್ನು ಯಾರೂ ಒಂದು ಮಾತೂ ಕೇಳಿರಲಿಲ್ಲ.

ಇತಿಹಾಸದ ಮೇಷ್ಟ್ರು

ದಾದಿ ತಾಯಿಯವರ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಲೆಕ್ಕಿಗರು ಎತ್ತಿದ ಪ್ರಶ್ನೆಗೆ ನಾನು ಹಳೆಯ ಕಾಲದಿಂದ ಉತ್ತರಿಸುತ್ತೇನೆ. ಆ ಸಂಘರ್ಷವನ್ನು ಧರ್ಮದ ಜಗಳ ಎಂದುಕೊಂಡವರು ಬಹಳ. ಕಿಡಿ ಹೊತ್ತಿಕೊಂಡದ್ದು ಬಾಡಿಗೆ ಮನೆಯ ಹಂಚಿಕೆಯಲ್ಲಿ. 1968ರ ಜೂನ್‌ನಲ್ಲಿ ಟೈರೋನ್ ಕೌಂಟಿಯ ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ ಸ್ಥಳೀಯ ಮಂಡಳಿ ಒಂದು ಮನೆಯನ್ನು 19 ವರ್ಷದ ಅವಿವಾಹಿತ ಪ್ರೊಟೆಸ್ಟೆಂಟ್ ಯುವತಿಗೆ ಕೊಟ್ಟಿತು. ಮಕ್ಕಳೊಂದಿಗರಾದ ಕ್ಯಾಥೊಲಿಕ್ ಕುಟುಂಬಗಳು ಮನೆಗಾಗಿ ಕಾಯುತ್ತಿದ್ದವು. ಶಾಸಕ ಆಸ್ಟಿನ್ ಕರಿ ಆ ಮನೆಯೊಳಗೆ ಹೋಗಿ ಧರಣಿ ಕುಳಿತರು. ಆಗಸ್ಟ್‌ನಲ್ಲಿ ಕೋಲ್‌ಐಲೆಂಡಿನಿಂದ ಡಂಗ್ಯಾನನ್‌ಗೆ ನಾಗರಿಕ ಹಕ್ಕುಗಳ ಮೊದಲ ಮೆರವಣಿಗೆ, ಅಕ್ಟೋಬರ್ 5ರಂದು ಡೆರಿ ನಗರದ ಮೆರವಣಿಗೆಯ ಮೇಲೆ ಪೊಲೀಸರ ಲಾಠಿ ಪ್ರಹಾರ. ಮುಂದಿನದು ನಿಮಗೆ ಗೊತ್ತು.

ಮನೆಗೆ ಅಷ್ಟೊಂದು ಬೆಲೆ ಏಕೆಂದರೆ, ಸ್ಥಳೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಮುಖ್ಯವಾಗಿ ಸ್ವಂತದ್ದೋ ಬಾಡಿಗೆಯದೋ ಒಂದು ಮನೆ ಹೊಂದಿದವರಿಗೆ ಮತ್ತು ಅವರ ಪತಿ ಅಥವಾ ಪತ್ನಿಗೆ ಇತ್ತು. ಮನೆ ಕೊಡುವುದೆಂದರೆ ಮತ ಕೊಡುವುದು. ಆದ್ದರಿಂದಲೇ 1971ರಲ್ಲಿ ಮನೆ ಹಂಚುವ ಅಧಿಕಾರವನ್ನು ಮಂಡಳಿಗಳಿಂದ ಕಿತ್ತು ಹೌಸಿಂಗ್ ಎಕ್ಸಿಕ್ಯೂಟಿವ್ ಎಂಬ ಸ್ವತಂತ್ರ ಸಂಸ್ಥೆಗೆ ಒಪ್ಪಿಸಿದರು. ಹಂಚಿಕೆ ಅಂಕಗಳ ಮೇಲೆ ನಡೆಯತೊಡಗಿತು. ಸಶಸ್ತ್ರ ಗುಂಪುಗಳ ಬೆದರಿಕೆಯಿಂದ ಮನೆ ಬಿಟ್ಟವರಿಗೆ ಬಹಳ ಕಾಲ 200 ಅಂಕ ಕೊಡುವ ನಿಯಮವೂ ಇತ್ತು. ಬೆದರಿಕೆಗೂ ಅಂಕವಿಟ್ಟ ವಸತಿ ನಿಯಮವಿದ್ದ ನಾಡಿಗೆ 'ನಿಮ್ಮಲ್ಲಿ ಒಂದು ಕೋಣೆ ಹೆಚ್ಚಿದೆ' ಎಂಬ ನೋಟಿಸು ಹೋದರೆ ಜನ ಅದನ್ನು ಹೇಗೆ ಓದಿಕೊಂಡಾರು?

ಇನ್ನೊಂದು ಘಟನೆಯನ್ನು ಇಂದಿನವರು ಮರೆತಿದ್ದಾರೆ. 1971ರ ಆಗಸ್ಟ್ 9ರಂದು ವಿಚಾರಣೆಯಿಲ್ಲದ ಬಂಧನಗಳು ಶುರುವಾದವು. ಪ್ರತಿಭಟನೆಯಾಗಿ ಸಾವಿರಾರು ಕುಟುಂಬಗಳು ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದವು. ಅದಕ್ಕೆ ಸರ್ಕಾರ ತುರ್ತು ಕಾಯ್ದೆಯೊಂದನ್ನು ತಂದು, ಆ ಬಾಕಿಯನ್ನು ಅವರ ಸಾಮಾಜಿಕ ಭದ್ರತಾ ಭತ್ಯೆಯಿಂದಲೇ ಮುರಿದುಕೊಳ್ಳತೊಡಗಿತು. ಹೊಟ್ಟೆಗೆಂದು ಕೊಡುವ ಹಣ ಶಿಕ್ಷೆಯ ಸಾಧನವಾಯಿತು. ಭತ್ಯೆ ಕಚೇರಿಯ ಕಾಗದ ಬಾಗಿಲಿಗೆ ಬಿದ್ದರೆ ಆ ಬೀದಿಗಳ ಹಿರಿಯರಿಗೆ ಯಾಕೆ ಎದೆ ಝಲ್ಲೆನ್ನುತ್ತದೆ ಎಂಬುದಕ್ಕೆ ಇದೂ ಒಂದು ಕಾರಣ. ಆಡಳಿತದ ಸುಧಾರಣೆ ಮಾಡುವವರು ಇಂಥ ನೆನಪನ್ನು ಲೆಕ್ಕಕ್ಕೆ ಹಿಡಿಯಬೇಕು ಲೆಕ್ಕಿಗರೇ, ಅದಕ್ಕೆ ಕಾಲಂ ಇಲ್ಲದಿದ್ದರೂ.

ಹಳೆಯ ಲೆಕ್ಕಿಗ

ಮೇಷ್ಟ್ರೇ, 1971ರ ಆ ಕಾಯ್ದೆಯ ವಿಷಯ ನನಗೆ ತಿಳಿದಿರಲಿಲ್ಲ. ದಾದಿ ಮೇಡಂ ಬರೆದದ್ದಂತೂ ಮನಸ್ಸಿಗೆ ನಾಟಿತು. ಬೆಡ್‌ರೂಮ್ ಟ್ಯಾಕ್ಸ್ ವಿಷಯದಲ್ಲಿ ನನ್ನ ವಾದವನ್ನು ಹಿಂದಕ್ಕೆ ಪಡೆಯುತ್ತೇನೆ. ಹೋಗಲು ಮನೆಯೇ ಇಲ್ಲದವರಿಗೆ ಹೋಗದಿದ್ದುದಕ್ಕೆ ದಂಡ ಹಾಕುವುದು ತಪ್ಪು.

ಆದರೆ ಇನ್ನೊಂದು ತೊಡಕನ್ನು ಮುಂದಿಡುತ್ತೇನೆ. ಈ ಬಿಕ್ಕಟ್ಟು ಬಗೆಹರಿಸಲು ಅಲ್ಲಿನ ಪಕ್ಷಗಳೂ ಸರ್ಕಾರಗಳೂ 2015ರ ನವೆಂಬರ್‌ನಲ್ಲಿ ಮಾಡಿಕೊಂಡ ಫ್ರೆಶ್ ಸ್ಟಾರ್ಟ್ ಒಪ್ಪಂದದಲ್ಲಿ ಸುಧಾರಣೆಯ ಪೆಟ್ಟನ್ನು ತಗ್ಗಿಸಲು ಸ್ಟಾರ್ಮಾಂಟ್ ತನ್ನ ಸ್ವಂತ ಬೊಕ್ಕಸದಿಂದ ನಾಲ್ಕು ವರ್ಷಕ್ಕೆ 58.5 ಕೋಟಿ ಪೌಂಡ್ ಮೀಸಲಿಟ್ಟಿತು. ಹೇಗೆ ಖರ್ಚು ಮಾಡಬೇಕೆಂದು ಪ್ರೊಫೆಸರ್ ಐಲೀನ್ ಎವಸನ್ ನೇತೃತ್ವದ ಸಮಿತಿ 2016ರ ಜನವರಿಯಲ್ಲಿ ಶಿಫಾರಸು ಕೊಟ್ಟಿತು. ಬೆಡ್‌ರೂಮ್ ಟ್ಯಾಕ್ಸನ್ನು ಪೂರ್ತಿ ಭರಿಸುವುದು ಅದರಲ್ಲಿತ್ತು, ಒಳ್ಳೆಯದೇ. ಪಿಪ್‌ನಲ್ಲಿ ಅಂಕ ಸಾಲದೆ ಹೋದವರ ಗಾಯ ಸಂಘರ್ಷದಿಂದಾದದ್ದಾಗಿದ್ದು, ಕನಿಷ್ಠ 4 ಅಂಕ ಬಂದಿದ್ದರೆ, ಹೆಚ್ಚುವರಿ ಅಂಕ ಸೇರಿಸಿ ಒಂದು ವರ್ಷ ಪರಿಹಾರ ಕೊಡಬೇಕೆಂಬುದೂ ಇತ್ತು.

ನನ್ನ ಪ್ರಶ್ನೆ ಇಷ್ಟು. ಬಾಂಬಿನಿಂದ ಬೆನ್ನು ಮುರಿದವನಿಗೂ ಹಡಗುಕಟ್ಟೆಯ ಏಣಿಯಿಂದ ಬಿದ್ದು ಬೆನ್ನು ಮುರಿದವನಿಗೂ ನೋವು ಒಂದೇ, ಮನೆಯ ಖರ್ಚೂ ಒಂದೇ. ಒಬ್ಬನಿಗೆ ಅಂಕ ಸೇರಿಸಿ ಇನ್ನೊಬ್ಬನಿಗೆ ಸೇರಿಸದಿದ್ದರೆ ಅಕ್ಕಪಕ್ಕದ ಮನೆಗಳಲ್ಲಿ ಹೊಸ ಬಿರುಕು ಮೂಡುವುದಿಲ್ಲವೇ? ಮೊದಲೇ ಒಡೆದ ಸಮಾಜ ಅದು.

ಕಾನೂನು ವಿದ್ಯಾರ್ಥಿನಿ

ಲೆಕ್ಕಿಗ ಸರ್, ನಿಮ್ಮ ಪ್ರಶ್ನೆ ಬಹಳ ಮುಖ್ಯ. ಅದಕ್ಕೆ ಬರುವ ಮೊದಲು ಇನ್ನೊಂದು ನಿಯಮದ ಬಗ್ಗೆ ಹೇಳಲೇಬೇಕು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

2017ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಾದ್ಯಂತ 'ಎರಡು ಮಕ್ಕಳ ಮಿತಿ' ಬಂತು. ಅದು ಜಾರಿಯಲ್ಲಿದ್ದಾಗ, ಅದರ ನಂತರ ಹುಟ್ಟಿದ ಮೂರನೆಯ ಮಗುವಿಗೆ ಭತ್ಯೆಯಲ್ಲಿ ಮಕ್ಕಳ ಪಾಲು ಸಿಗುತ್ತಿರಲಿಲ್ಲ. ವಿನಾಯಿತಿಗಳಲ್ಲಿ ಒಂದು, ಅತ್ಯಾಚಾರದಿಂದ ಹುಟ್ಟಿದ ಮಗು. ಆ ತಾಯಿ ಅದನ್ನು ಹೇಳಿಕೊಂಡು ಅರ್ಜಿ ಕೊಡಬೇಕಿತ್ತು, ದಾದಿಯೋ ಸಮಾಜ ಕಾರ್ಯಕರ್ತೆಯೋ ಅದನ್ನು ದೃಢೀಕರಿಸಬೇಕಿತ್ತು. ಇದೇ ಕ್ರೂರ. ಉತ್ತರ ಐರ್ಲೆಂಡಿನಲ್ಲಿ ಅದರ ಮೇಲೆ ಇನ್ನೊಂದು ಕಾನೂನು ಕುಳಿತಿತ್ತು. 1967ರ ಅಪರಾಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಗಂಭೀರ ಅಪರಾಧದ ಮಾಹಿತಿ ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ಸಕಾರಣವಿಲ್ಲದೆ ಮುಚ್ಚಿಟ್ಟರೆ ಅದೇ ಅಪರಾಧ. ಇಂಗ್ಲೆಂಡಿನಲ್ಲಿ ಅಂಥ ಸಾಮಾನ್ಯ ಬಾಧ್ಯತೆ ಇಲ್ಲ. ಅಂದರೆ ಮಗುವಿನ ಭತ್ಯೆಗಾಗಿ ಬಾಯಿಬಿಟ್ಟ ಹೆಣ್ಣುಮಗಳ ಮಾತು ಅವಳು ಬಯಸದಿದ್ದರೂ ಪೊಲೀಸ್ ಠಾಣೆಗೆ ಹೋಗಬಹುದಿತ್ತು. ಅವಳನ್ನು ಹಿಂಸಿಸಿದವನು ಆ ಬೀದಿಯನ್ನು ಆಳುವ ಸಶಸ್ತ್ರ ಗುಂಪಿನವನಾಗಿದ್ದರೆ? ಲಂಡನ್ನಿನಲ್ಲಿ ಕುಳಿತು ನಿಯಮ ಬರೆದವರಿಗೆ ಈ ಪ್ರಶ್ನೆ ಹೊಳೆದಿರಲಿಕ್ಕಿಲ್ಲ. ಒಂದೇ ನಿಯಮ ಎರಡು ಸಮಾಜಗಳಲ್ಲಿ ಎರಡು ಬೇರೆಯೇ ನಿಯಮಗಳಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ನಿಮ್ಮ ಪ್ರಶ್ನೆಗೆ. 1998ರ ಕಾಯ್ದೆಯ 75ನೇ ಸೆಕ್ಷನ್ ಸರ್ಕಾರಿ ಸಂಸ್ಥೆಗಳ ಮೇಲೆ ಸಮಾನ ಅವಕಾಶದ ಹೊಣೆ ಹೊರಿಸುತ್ತದೆ. ಧರ್ಮ, ರಾಜಕೀಯ ಅಭಿಪ್ರಾಯ, ಲಿಂಗ, ಅಂಗವೈಕಲ್ಯ ಮುಂತಾದವು ಅದರಲ್ಲಿವೆ. ಬಡತನ ಆ ಪಟ್ಟಿಯಲ್ಲಿಲ್ಲ. ನಿಮ್ಮ ಏಣಿಯಿಂದ ಬಿದ್ದ ಮನುಷ್ಯನ ಬಡತನ ಕಾನೂನಿಗೆ ಕಾಣದೆ ಹೋಗುವುದು ಇಲ್ಲಿ. ಆದ್ದರಿಂದ ಸಂಘರ್ಷದ ಗಾಯಾಳುವಿಗೆ ಸಿಕ್ಕಿದ್ದನ್ನು ಕಡಿಮೆ ಮಾಡಬೇಕೆಂದು ನಾನು ಹೇಳಲಾರೆ. ಬಡತನ ನಿವಾರಣೆಗೆ ಒಂದು ಕಾರ್ಯತಂತ್ರ ರೂಪಿಸಬೇಕೆಂದು ಅದೇ ಕಾಯ್ದೆಗೆ ಸ್ಟಾರ್ಮಾಂಟನ್ನು ಮತ್ತೆ ತೆರೆಯಲು ಆದ 2006ರ ಸೇಂಟ್ ಆಂಡ್ರೂಸ್ ಒಪ್ಪಂದದ ನಂತರ ಒಂದು ಸೆಕ್ಷನ್ ಸೇರಿಸಿದರು. ಸರ್ಕಾರ ಅದನ್ನು ಪಾಲಿಸಿಲ್ಲ ಎಂದು 2015ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಹತ್ತು ವರ್ಷದ ಮೇಲೆ, 2025ರಲ್ಲಿ, ಮತ್ತೆ ಅದೇ ತೀರ್ಪು ಬಂತು. ಎರಡೂ ಪ್ರಕರಣಗಳನ್ನು ಒಯ್ದದ್ದು ಒಂದೇ ಮಾನವ ಹಕ್ಕು ಸಂಸ್ಥೆ.

ಗಡಿಯಾಚೆಯ ಕೆಲಸಗಾರ

ಸಂತ್ರಸ್ತ ಯಾರು ಎಂಬ ಪ್ರಶ್ನೆ ಬಂದದ್ದರಿಂದ ಒಂದು ಮಾತು. ನಾನು ಕೆಲವು ವರ್ಷ ನೇಪಾಳದ ಬೆಟ್ಟದ ಜಿಲ್ಲೆಗಳಲ್ಲಿ ಕೆಲಸ ಮಾಡಿದ್ದೆ. 1996ರಿಂದ 2006ರವರೆಗಿನ ಅಂತರ್ಯುದ್ಧದಲ್ಲಿ ಅಲ್ಲಿ ಸುಮಾರು 17,000 ಜನ ಸತ್ತರು. ಶಾಂತಿ ಒಪ್ಪಂದದ ನಂತರ 2008ರಿಂದ ಸರ್ಕಾರ ಮಧ್ಯಂತರ ಪರಿಹಾರ ಕೊಡತೊಡಗಿತು. ಸತ್ತವರ ಮತ್ತು ಕಣ್ಮರೆಯಾದವರ ಕುಟುಂಬಗಳಿಗೆ, ಗಾಯಾಳುಗಳಿಗೆ, ನೆಲೆ ತಪ್ಪಿದವರಿಗೆ ಸಿಕ್ಕಿತು. ಚಿತ್ರಹಿಂಸೆಗೆ ಒಳಗಾದವರಿಗೂ ಅತ್ಯಾಚಾರಕ್ಕೆ ಒಳಗಾದ ಹೆಂಗಸರಿಗೂ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಹಳ್ಳಿಯಲ್ಲಿ ಒಬ್ಬಳು ವಿಧವೆಗೆ ಹಣ ಬಂತು, ಅವಳ ಪಕ್ಕದ ಮನೆಯವಳಿಗೆ ಏನೂ ಬರಲಿಲ್ಲ. ತನಗೇಕೆ ಬರಲಿಲ್ಲ ಎಂದು ಅವಳು ಕೇಳುವಂತೆಯೂ ಇರಲಿಲ್ಲ. ಕೇಳಿದರೆ ಏನಾಯಿತೆಂದು ಊರಿಗೆಲ್ಲ ಹೇಳಬೇಕಾಗುತ್ತಿತ್ತು.

ಲೆಕ್ಕಿಗರು ಹೇಳುವ ಬಿರುಕು ನಿಜ. ಅದು ಮೂಡುವುದು ಕೆಲವರಿಗೆ ಕೊಟ್ಟದ್ದರಿಂದಲ್ಲ, ಪಟ್ಟಿಯನ್ನು ಅರ್ಧಕ್ಕೆ ನಿಲ್ಲಿಸಿದ್ದರಿಂದ.

ಬೆಲ್‌ಫಾಸ್ಟಿನ ದಾದಿ

ಪಟ್ಟಿಯ ಮಾತು ಇಲ್ಲೂ ಹಾಗೆಯೇ. ಸಂಘರ್ಷದಲ್ಲಿ ಶಾಶ್ವತ ಅಂಗವೈಕಲ್ಯಕ್ಕೆ ಒಳಗಾದವರಿಗೆ ಪಿಂಚಣಿಯಂತಹ ಪರಿಹಾರ ಬೇಕೆಂದು ವೇವ್ ಎಂಬ ಆಘಾತ ಚಿಕಿತ್ಸಾ ಕೇಂದ್ರದ ಗಾಯಾಳುಗಳು ವರ್ಷಗಟ್ಟಲೆ ಹೋರಾಡಿದರು. ಗಾಲಿಕುರ್ಚಿಗಳಲ್ಲಿ ಸ್ಟಾರ್ಮಾಂಟಿಗೂ ಲಂಡನ್ನಿಗೂ ಓಡಾಡಿದರು. ಗಾಯಗೊಂಡ ಮಾಜಿ ಉಗ್ರನಿಗೂ ಕೊಡಬೇಕೇ ಎಂಬ ಜಗಳದಲ್ಲಿ ವಿಷಯ ನೆನೆಗುದಿಗೆ ಬಿತ್ತು. 2020ರಲ್ಲಿ ನಿಯಮ ಬಂತು. ಯಾವ ಇಲಾಖೆ ನಡೆಸಬೇಕೆಂದು ಅಲ್ಲಿನ ಸರ್ಕಾರ ನಿರ್ಧರಿಸದೆ ಕುಳಿತಾಗ, ಅದು ಕಾನೂನುಬಾಹಿರ ಎಂದು ಹೈಕೋರ್ಟ್ ಹೇಳಬೇಕಾಯಿತು. 2021ರ ಆಗಸ್ಟ್ 31ರಂದು ಅರ್ಜಿ ತೆರೆಯಿತು. ಅಂಗವೈಕಲ್ಯದ ಪ್ರಮಾಣ ಶೇ 14 ಅಥವಾ ಹೆಚ್ಚಿದ್ದರೆ ವರ್ಷಕ್ಕೆ 2,000ದಿಂದ 10,000 ಪೌಂಡ್ ಎಂದು ಆಗ ಗೊತ್ತುಮಾಡಿದ್ದರು. ಹೋರಾಟ ಶುರುಮಾಡಿದವರಲ್ಲಿ ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು.

ಸರ್ಕಾರವೇ ಇಲ್ಲದ ವರ್ಷಗಳೂ ಸೇರಿವೆ ಈ ಲೆಕ್ಕದಲ್ಲಿ. 2017ರ ಜನವರಿಯಿಂದ ಮೂರು ವರ್ಷ, 2022ರ ಫೆಬ್ರುವರಿಯಿಂದ ಮತ್ತೆ ಎರಡು ವರ್ಷ ಸ್ಟಾರ್ಮಾಂಟ್ ಮುಚ್ಚಿತ್ತು. ಎವಸನ್ ಸಮಿತಿ ಹೇಳಿದ್ದ, ಕಡಿಮೆ ಸಂಬಳಕ್ಕೆ ದುಡಿಯುವವರಿಗೆ ಕೆಲಸದ ಖರ್ಚಿನ ಭತ್ಯೆ ಎಂಬುದು ಜಾರಿಗೆ ಬರಲೇ ಇಲ್ಲ.

ಇನ್ನೊಂದು ವಿಷಯವನ್ನು ಇಲ್ಲಿ ಯಾರೂ ಎತ್ತಲಿಲ್ಲ. ಯೂನಿವರ್ಸಲ್ ಕ್ರೆಡಿಟ್ ಎಂಬ ಒಟ್ಟುಗೂಡಿಸಿದ ಭತ್ಯೆ 2017ರ ಸೆಪ್ಟೆಂಬರ್‌ನಲ್ಲಿ ಲಿಮಾವಾಡಿ ಎಂಬ ಪಟ್ಟಣದಿಂದ ಇಲ್ಲಿ ಶುರುವಾಯಿತು. ಇಂಗ್ಲೆಂಡಿನಂತೆ ತಿಂಗಳಿಗೊಮ್ಮೆ ಕೊಡದೆ ಇಲ್ಲಿ ತಿಂಗಳಿಗೆ ಎರಡು ಸಲ ಕೊಡುತ್ತಾರೆ, ಬಾಡಿಗೆಯನ್ನು ನೇರವಾಗಿ ಮನೆಯ ಮಾಲೀಕರಿಗೇ ಕಟ್ಟುತ್ತಾರೆ. ಈ ಎರಡು ಚಿಕ್ಕ ಬದಲಾವಣೆಗಳಿಂದ ಎಷ್ಟೋ ಮನೆಗಳು ಉಳಿದಿವೆ, ಇದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅರ್ಜಿ ಹಾಕಿದ ಮೇಲೆ ಮೊದಲ ಹಣಕ್ಕೆ ಐದು ವಾರ ಕಾಯಬೇಕು. ಮುಂಗಡ ಸಿಗುತ್ತದೆ, ಅದು ಸಾಲ, ಮುಂದಿನ ಕಂತುಗಳಲ್ಲಿ ಮುರಿದುಕೊಳ್ಳುತ್ತಾರೆ. ಆ ಐದು ವಾರದಲ್ಲಿ ಬಾಗಿಲು ತಟ್ಟುವವರು ಯಾರು ಗೊತ್ತೇ? ಮೀಟರ್ ಬಡ್ಡಿಯವರು. ಕೆಲವು ಬಡಾವಣೆಗಳಲ್ಲಿ ಆ ದಂಧೆ ಸಶಸ್ತ್ರ ಗುಂಪುಗಳ ಕೈಯಲ್ಲಿದೆ. ಕಟ್ಟಲಾಗದ ಯುವಕನಿಗೆ 'ಈ ಪೊಟ್ಟಣ ಅಲ್ಲಿಗೆ ಮುಟ್ಟಿಸು, ಸಾಲ ತೀರುತ್ತದೆ' ಎನ್ನುತ್ತಾರೆ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಹುಟ್ಟಿದ ಮಕ್ಕಳು ಇವರು. ಭತ್ಯೆ ತಡವಾದಷ್ಟೂ ಆ ಗುಂಪುಗಳಿಗೆ ಆಳು ಸಿಗುತ್ತಾರೆ. ಓದುಗರು ಮೊದಲ ಬರಹದಲ್ಲಿ ಭತ್ಯೆಯನ್ನು ಶಾಂತಿಯ ಭಾಗ ಎಂದದ್ದು ನನಗೆ ಅರ್ಥವಾದದ್ದು ಈ ಬಾಗಿಲುಗಳ ಮುಂದೆ ನಿಂತಾಗ.

ನಿತ್ಯ ಓದುಗ

ನಾನು ಪುಸ್ತಕಗಳಿಂದ ಹೇಳಿದ್ದನ್ನು ನೀವು ಮನೆಗಳಿಂದ ಹೇಳಿದಿರಿ ಮೇಡಂ. ನನ್ನ ನಿಲುವಿನ ಒಂದು ಭಾಗವನ್ನು ತಿದ್ದಿಕೊಳ್ಳಬೇಕು. ಪೆಟ್ಟು ತಗ್ಗಿಸುವ ಆ ಪ್ಯಾಕೇಜನ್ನು ನಾನು ಗೆಲುವೆಂದು ಎಣಿಸಿದ್ದೆ. ಅದಕ್ಕೆ 2020ರ ಮಾರ್ಚ್ ಎಂಬ ಕೊನೆಯ ದಿನಾಂಕವಿತ್ತು. ಆಮೇಲೆ ಮುಂದುವರಿಸಿದ್ದು ನಿಜ, ಬೆಡ್‌ರೂಮ್ ಟ್ಯಾಕ್ಸಿನ ಭಾಗಕ್ಕೆ 2022ರಲ್ಲಿ ಕಾನೂನಿನ ಬಲವೂ ಬಂತು. ಆದರೆ ಪ್ರತಿ ಬಾರಿ ಅವಧಿ ಮುಗಿಯುವ ಹೊತ್ತಿಗೆ ಆ ಕುಟುಂಬಗಳು ಉಸಿರು ಬಿಗಿಹಿಡಿದು ಕೂರಬೇಕು. ಮೇಷ್ಟ್ರು ಹೇಳಿದ 1971ರ ನೆನಪು ಇರುವವರಿಗೆ ಈ ಅನಿಶ್ಚಿತತೆಯೇ ಒಂದು ಹಿಂಸೆ.

ಲೆಕ್ಕಿಗರೇ, ನಿಮ್ಮ ಏಣಿಯ ಮನುಷ್ಯನ ಬಗ್ಗೆಯೂ ಯೋಚಿಸಿದೆ. ಗುಂಡು ಬಿದ್ದ ಬೀದಿಗಳು ಮತ್ತು ಕೆಲಸ ಇಲ್ಲದ ಬೀದಿಗಳು ಬಹುಮಟ್ಟಿಗೆ ಒಂದೇ. ಬೆಲ್‌ಫಾಸ್ಟಿನ ಫಾಲ್ಸ್, ಶಾಂಕಿಲ್, ಆರ್ಡೊಯ್ನ್ ಬಡಾವಣೆಗಳನ್ನೇ ನೋಡಿ. ಹಡಗುಕಟ್ಟೆಯೂ ನಾರುಬಟ್ಟೆ ಗಿರಣಿಗಳೂ ಸೊರಗಿದ ಕಾಲ ಮತ್ತು ಹಿಂಸೆಯ ಕಾಲ ಒಂದರ ಮೇಲೊಂದು ಬಿದ್ದವು. ಗಾಯ ಯಾವುದರಿಂದ ಆಯಿತು ಎಂದು ಬೇರ್ಪಡಿಸಲು ಹೋದರೆ ಒಬ್ಬನೇ ಮನುಷ್ಯನನ್ನು ಎರಡಾಗಿ ಸೀಳಬೇಕಾಗುತ್ತದೆ. ಆ ಬೀದಿಯಲ್ಲಿರುವ ಎಲ್ಲರಿಗೂ ಸಾಕಾಗುವಷ್ಟು ಇರಬೇಕು ಎಂಬಲ್ಲಿಗೆ ನಾನು ಬಂದಿದ್ದೇನೆ, ಸಂಘರ್ಷದ ಗಾಯಕ್ಕೆ ಬೇರೆ ಮನ್ನಣೆ ಅದರ ಮೇಲೆ.

ಹಳೆಯ ಲೆಕ್ಕಿಗ

ಹಾಗಾದರೆ ಹಣದ ಪ್ರಶ್ನೆ ಇನ್ನೂ ದೊಡ್ಡದಾಯಿತು, ಚಿಕ್ಕದಾಗಲಿಲ್ಲ. ಆದರೂ ಆ ಬೀದಿಗಳ ವಿಷಯ ಒಪ್ಪುತ್ತೇನೆ. ದಾದಿ ಮೇಡಂ, ಬಾಗಿಲಿಗೆ ಎದುರಾಗಿ ಕೂರುವ ಆ ಹಿರಿಯರ ವಿಷಯ ಏನಾಯಿತು? ಮೇಲ್ಮನವಿ ಹಾಕಿದರೇ?

ಬೆಲ್‌ಫಾಸ್ಟಿನ ದಾದಿ

ಹಾಕಿದರು. ನಾನು ಒತ್ತಾಯಿಸಿದ್ದಕ್ಕೆ ಬಡಾವಣೆಯ ಉಚಿತ ಸಲಹಾ ಕೇಂದ್ರಕ್ಕೆ ಬಂದರು. ಅಲ್ಲಿನ ಹೆಣ್ಣುಮಗಳೊಬ್ಬಳು ಅವರ ವೈದ್ಯರಿಂದಲೂ ನನ್ನಿಂದಲೂ ಪತ್ರ ಬರೆಸಿಕೊಂಡಳು. ವಿಚಾರಣೆಯ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಮೂವರ ಮಂಡಳಿಯಲ್ಲಿದ್ದ ವೈದ್ಯರು 'ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ' ಎಂದು ಕೇಳಿದರು. 'ಮಲಗುವುದಿಲ್ಲ, ಕುರ್ಚಿಯಲ್ಲೇ ಇರುತ್ತೇನೆ' ಎಂದರು. 'ಎಷ್ಟು ವರ್ಷದಿಂದ?' ಅವರು ಒಂದು ಇಸವಿ ಹೇಳಿದರು. ಆಮೇಲೆ ಯಾರೂ ಅವಸರ ಮಾಡಲಿಲ್ಲ, ಅವರು ಮಾತನಾಡಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರದ್ದು.

ಭತ್ಯೆ ಮರಳಿ ಸಿಕ್ಕಿದೆ, ಮೂರು ವರ್ಷಕ್ಕೆ. ಆಮೇಲೆ ಮರುಪರಿಶೀಲನೆ. ಬಸ್ಸಿನಲ್ಲಿ ವಾಪಸ್ ಬರುವಾಗ 'ಇನ್ನೊಮ್ಮೆ ಹೇಳಲಾರೆ' ಎಂದರು. ಅಷ್ಟೇ ಹೇಳಿದ್ದು.

ಹಳೆಯ ಲೆಕ್ಕಿಗ

ಮಂಡಳಿಯ ಮುಂದೆ ಹೇಳಿದ್ದರ ದಾಖಲೆ ಇರುತ್ತದಲ್ಲವೇ? ಅದನ್ನೇ ಮುಂದಿನ ಅರ್ಜಿಗೆ ಲಗತ್ತಿಸಿದರೆ ಅವರು ಮತ್ತೆ ಬಾಯಿಬಿಡಬೇಕಾಗಿಲ್ಲ. ತೀರ್ಪಿನ ಕಾರಣಗಳನ್ನು ಲಿಖಿತವಾಗಿ ಕೇಳಲು ಗಡುವೇನಾದರೂ ಇದೆಯೇ ನೋಡಿ. ಇಂಥ ಗಡುವು ಸಾಮಾನ್ಯವಾಗಿ ಕೆಲವೇ ವಾರ ಇರುತ್ತದೆ, ದಾಟಿದರೆ ಕಷ್ಟ.

ಬೆಲ್‌ಫಾಸ್ಟಿನ ದಾದಿ

ಇದು ನನಗೆ ಹೊಳೆದಿರಲಿಲ್ಲ ಸರ್. ತೀರ್ಪು ಬಂದು ಒಂಬತ್ತು ದಿನವಾಗಿದೆ. ಸಲಹಾ ಕೇಂದ್ರಕ್ಕೆ ಈಗಷ್ಟೇ ಫೋನ್ ಮಾಡಿದೆ. ಕೇಳಬಹುದು, ನಾಳೆಯೇ ಪತ್ರ ಸಿದ್ಧಮಾಡುತ್ತೇವೆ ಎಂದರು. ಬೆಳಿಗ್ಗೆ ಪಟ್ಟಿ ಕಟ್ಟಲು ಹೋದಾಗ ಅವರ ಸಹಿ ತೆಗೆದುಕೊಂಡು ಬರುತ್ತೇನೆ.